ಒಲ್ಲದ ಮತದ ತೂಕ

2016ರ ನವೆಂಬರ್ 8, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಆ ಮಧ್ಯಾಹ್ನ, ಅಯೋವಾ ರಾಜ್ಯದ ನಮ್ಮ ಸಣ್ಣ ಊರಿನಲ್ಲಿ, ನೆರೆಮನೆಯ ಹಿರಿಯರು ಮತ ಹಾಕಿ ಬಂದು ಅಂಗಳದಲ್ಲಿ ಉದುರಿದ್ದ ಎಲೆಗಳನ್ನು ಒಟ್ಟುಮಾಡುತ್ತಿದ್ದರು. ಎಂದಿನಂತೆ ಬೇಲಿಯ ಈಚೆಯಿಂದ ಮಾತನಾಡಿಸಿದೆ. ಅವರು ಕೆಲಸ ನಿಲ್ಲಿಸಿದರು, ದನಿ ತಗ್ಗಿಸಿದರು. ಇಲ್ಲಿ ಮತಪತ್ರ ಕಾಗದದ್ದು. ಅಭ್ಯರ್ಥಿಯ ಹೆಸರಿನ ಪಕ್ಕದ ಮೊಟ್ಟೆಯಾಕಾರದ ಗುರುತನ್ನು ಪೆನ್ನಿನಿಂದ ತುಂಬಿ ಯಂತ್ರಕ್ಕೆ ಕೊಡಬೇಕು. "ಅಧ್ಯಕ್ಷರ ಸಾಲನ್ನು ಕೊನೆಗೆ ಉಳಿಸಿಕೊಂಡೆ. ಅಲ್ಲಿಗೆ ಬಂದಾಗ ಗುರುತನ್ನು ತೀರ ತೆಳುವಾಗಿ ತುಂಬಿದೆ. ಇಷ್ಟವಿಲ್ಲದೆ ಹಾಕುತ್ತಿದ್ದೇನೆಂದು ಯಾರಿಗಾದರೂ ಗೊತ್ತಾಗಲಿ ಎಂಬಂತೆ. ಆಮೇಲೆ ಯಂತ್ರ ಅದನ್ನು ಓದದೆ ಬಿಟ್ಟರೆ ಏನು ಗತಿ ಎಂದು ಹೆದರಿಕೆಯಾಗಿ, ಅದರ ಮೇಲೆಯೇ ಮತ್ತೆ ತಿದ್ದಿ ಕಪ್ಪು ಮಾಡಿದೆ," ಎಂದರು. ಹೇಳಿ ಮುಗಿಸಿ ನಗಲು ನೋಡಿದರು. ನಗು ಬರಲಿಲ್ಲ.

ಆ ರಾತ್ರಿ ಡೊನಾಲ್ಡ್ ಟ್ರಂಪ್ ಅಯೋವಾವನ್ನು ಶೇಕಡಾ 9ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಟಿ.ವಿ.ಯಲ್ಲಿ ಉತ್ಸಾಹದ ಅಲೆಯ ಮಾತು ನಡೆಯುತ್ತಿತ್ತು. ನನಗೆ ಕಾಣುತ್ತಿದ್ದುದು ಎರಡು ಸಲ ತಿದ್ದಿದ ಒಂದು ಗುರುತು. ಮತಗಟ್ಟೆಯಿಂದ ಹೊರಬಂದವರನ್ನು ದೇಶದಾದ್ಯಂತ ವಿಚಾರಿಸಿದ ಸಮೀಕ್ಷೆಯಲ್ಲಿ, ಇಬ್ಬರು ಮುಖ್ಯ ಅಭ್ಯರ್ಥಿಗಳ ಬಗ್ಗೆಯೂ ಒಳ್ಳೆಯ ಅಭಿಪ್ರಾಯವಿಲ್ಲ ಎಂದವರು ಶೇಕಡಾ 18ರಷ್ಟಿದ್ದರು. ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಟ್ರಂಪ್ ಅವರಿಗೆ ಮತ ಹಾಕಿದ್ದರು, ಹಿಲರಿ ಕ್ಲಿಂಟನ್ ಅವರಿಗೆ ಹಾಕಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅತ್ತ ದರಿ ಇತ್ತ ಪುಲಿ ಎಂದುಕೊಂಡು ಹೋದವರೇ ಆ ಚುನಾವಣೆಯ ದಿಕ್ಕನ್ನು ಬಹುಮಟ್ಟಿಗೆ ತೀರ್ಮಾನಿಸಿದರು ಎಂದರೆ ತಪ್ಪಾಗಲಾರದು. ಆದರೆ ಎಣಿಕೆಯ ಹಾಳೆಯಲ್ಲಿ ಅವರ ಮತವೂ ಟೋಪಿ ಧರಿಸಿ ಸಭೆಗಳಲ್ಲಿ ಕುಣಿದವರ ಮತವೂ ಒಂದೇ. ಯಂತ್ರಕ್ಕೆ ಕಪ್ಪು ಗೊತ್ತು, ಬಿಳಿ ಗೊತ್ತು, ಅಳುಕು ಗೊತ್ತಿಲ್ಲ.

ಹಿರಿಯರ ಬಗ್ಗೆ ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಹುಟ್ಟಿದವರು. ಮೆಕ್ಕೆಜೋಳ ಮತ್ತು ಸೋಯಾ ಬೆಳೆದು, ಜಮೀನನ್ನು ಮಗನಿಗೆ ಬಿಟ್ಟು ಊರೊಳಗೆ ಮನೆ ಮಾಡಿಕೊಂಡವರು. ತಮ್ಮನ್ನು ಕನ್ಸರ್ವೇಟಿವ್ ಎಂದು ಕರೆದುಕೊಳ್ಳುತ್ತಾರೆ. ಸಂಪ್ರದಾಯವಾದಿ ಎಂಬ ನಮ್ಮ ಪದ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಅವರ ಮಟ್ಟಿಗೆ ಆ ಮಾತಿನಲ್ಲಿ ಸರ್ಕಾರ ಚಿಕ್ಕದಾಗಿರಬೇಕು, ತೆರಿಗೆ ಕಡಿಮೆ ಇರಬೇಕು, ನ್ಯಾಯಾಧೀಶರು ಸಂವಿಧಾನವನ್ನು ಬರೆದಿರುವಂತೆಯೇ ಓದಬೇಕು, ಸಂಸಾರ ಮತ್ತು ಚರ್ಚಿನ ವಿಷಯಕ್ಕೆ ವಾಷಿಂಗ್ಟನ್ನಿನವರು ಬರಬಾರದು ಎಂಬುದೆಲ್ಲ ಸೇರಿದೆ. ಜೀವನದಲ್ಲಿ ಎರಡೇ ಸಲ ಸಂತೋಷದಿಂದ ಮತ ಹಾಕಿದ್ದೇನೆ ಎನ್ನುತ್ತಾರೆ: 1980 ಮತ್ತು 1984, ಎರಡು ಸಲವೂ ರೊನಾಲ್ಡ್ ರೇಗನ್ ಅವರಿಗೆ. 1976ರಲ್ಲಿಯೇ ಅವರಿಗೆ ರೇಗನ್ ಬೇಕಾಗಿತ್ತು. ಆದರೆ ಅಭ್ಯರ್ಥಿಯನ್ನು ತೀರ್ಮಾನಿಸುವ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ 1187 ಪ್ರತಿನಿಧಿಗಳು ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕಡೆಗೂ 1070 ಮಂದಿ ರೇಗನ್ ಕಡೆಗೂ ನಿಂತರು. ಆ ನವೆಂಬರಿನಲ್ಲಿ ಫೋರ್ಡ್ ಅವರಿಗೆ ಹಾಕಿದ್ದು ಅವರ ಮೊದಲ ಒಲ್ಲದ ಮತ. 1988ರಿಂದ ಈಚೆಗೆ ಹಾಕಿದ್ದೆಲ್ಲ ಅಂಥದೇ.

ಗೆಲ್ಲುವವನನ್ನು ಊಹಿಸುವ ಆಟ

ನನ್ನ ನೆನಪಿನಲ್ಲಿ ಇದರ ಹಿಂದಿನ ದೃಶ್ಯವೊಂದಿದೆ. 2012ರ ಜನವರಿ 3ರ ಸಂಜೆ ಅವರು ನನ್ನನ್ನು ರಿಪಬ್ಲಿಕನ್ ಪಕ್ಷದ ಕಾಕಸ್, ಅಂದರೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಾಗಿ ಪಕ್ಷದವರು ಊರೂರಲ್ಲಿ ಸೇರಿ ಮತ ಹಾಕುವ ಸಭೆ, ನೋಡಲು ಕರೆದುಕೊಂಡು ಹೋಗಿದ್ದರು. ಆಗಿನ್ನೂ ನಾನು ಇಲ್ಲಿನ ಪ್ರಜೆಯಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರಲು ಒಪ್ಪಿಗೆ ಸಿಕ್ಕಿತ್ತು. ಶಾಲೆಯ ಊಟದ ಕೋಣೆ, ಮಕ್ಕಳ ಅಳತೆಯ ಬೆಂಚುಗಳು, ದಪ್ಪ ಕೋಟು ಕಳಚದೆ ಅವುಗಳ ಮೇಲೆ ಮುದುಡಿ ಕೂತ ದೊಡ್ಡವರು. ಪ್ರತಿ ಅಭ್ಯರ್ಥಿಯ ಪರವಾಗಿ ಊರಿನವರೇ ಒಬ್ಬರು ಎದ್ದು ಕೆಲವು ನಿಮಿಷ ಮಾತನಾಡಿದರು. ಭಾಷಣಕಾರರಲ್ಲ, ಒಬ್ಬರು ಕೈಯಲ್ಲಿದ್ದ ಕಾಗದವನ್ನು ತಲೆಕೆಳಗಾಗಿ ಹಿಡಿದು ಓದಲು ತೊಡಗಿ ಎಲ್ಲರನ್ನೂ ನಗಿಸಿದರು. ಆಮೇಲೆ ಖಾಲಿ ಚೀಟಿಗಳನ್ನು ಹಂಚಿದರು. ಹೆಸರು ಬರೆದು, ಮಡಿಸಿ, ಡಬ್ಬಿಗೆ ಹಾಕುವುದು. ಅಲ್ಲೇ ಎಲ್ಲರೆದುರು ಎಣಿಸುವುದು. ಅಧ್ಯಕ್ಷರ ಆಯ್ಕೆ ಇಷ್ಟು ಸರಳವಾಗಿ ಮೊದಲಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಹೋಗುವಾಗ ಕಾರಿನಲ್ಲಿ ಅವರು ಬಾಯಿತುಂಬ ಹೊಗಳಿದ್ದು ಅಭ್ಯರ್ಥಿಗಳಲ್ಲಿ ಒಬ್ಬರಾದ ರಿಕ್ ಸ್ಯಾಂಟೋರಮ್ ಅವರನ್ನು. ಬರುವಾಗ ಮೌನವಾಗಿದ್ದು, ಮನೆ ಹತ್ತಿರವಾದಾಗ, ತಾವು ಮಿಟ್ ರಾಮ್ನಿ ಹೆಸರು ಬರೆದದ್ದಾಗಿ ಹೇಳಿದರು. ಕಾರಣ ಕೇಳಿದೆ. "ನನಗೆ ಇಷ್ಟವಾದವರು ಊರಿಗೆಲ್ಲ ಇಷ್ಟವಾಗಬೇಕಲ್ಲ. ಒಬಾಮಾ ಅವರನ್ನು ಸೋಲಿಸಬಲ್ಲವರು ಬೇಕು," ಎಂದರು. ಆ ರಾತ್ರಿಯ ಎಣಿಕೆಯ ಪ್ರಕಾರ ರಾಜ್ಯದಲ್ಲಿ ರಾಮ್ನಿ 8 ಮತಗಳಿಂದ ಮುಂದಿದ್ದರು. ಎರಡು ವಾರಗಳ ನಂತರ ಲೆಕ್ಕ ಸರಿಪಡಿಸಿದಾಗ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದಾರೆಂದು ತಿಳಿಯಿತು. ಎಂಟು ಮತಗಟ್ಟೆಗಳ ಲೆಕ್ಕ ಸಿಗಲೇ ಇಲ್ಲ. ಆದರೆ ಅಷ್ಟರಲ್ಲಿ ರಾಮ್ನಿ ಗೆದ್ದರೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿ ಬಂದಿತ್ತು. ಆ 8ರಲ್ಲಿ ಒಂದು ತಮ್ಮದು ಎಂಬ ಕೊರಗನ್ನು ಹಿರಿಯರು ಬಹಳ ಕಾಲ ಹೊತ್ತುಕೊಂಡಿದ್ದರು. ನವೆಂಬರಿನಲ್ಲಿ ರಾಮ್ನಿ ಸೋತರು, ಅಯೋವಾದಲ್ಲಿಯೂ ಸೋತರು.

ಸೋತದ್ದಕ್ಕಿಂತ ಸೋತ ರೀತಿ ಅವರನ್ನು ಹೆಚ್ಚು ಕೆಣಕಿತು. ಆ ವರ್ಷ ರಿಪಬ್ಲಿಕನ್ನರ ಕೈಯಲ್ಲಿದ್ದ ದೊಡ್ಡ ಅಸ್ತ್ರವೆಂದರೆ ಒಬಾಮಾ ಅವರ 2010ರ ಆರೋಗ್ಯ ವಿಮಾ ಕಾನೂನಿನ ಮೇಲಿನ ಸಿಟ್ಟು. ಅದಕ್ಕೆ ಮಾದರಿಯೆನ್ನಬಹುದಾದ ಕಾನೂನಿಗೆ 2006ರಲ್ಲಿ ಮ್ಯಾಸಚೂಸೆಟ್ಸ್‌ನ ಚುನಾಯಿತ ರಾಜ್ಯಪಾಲರಾಗಿ ಸಹಿ ಹಾಕಿದವರು ಇದೇ ರಾಮ್ನಿ. ಗೆಲ್ಲುತ್ತಾರೆಂಬ ಒಂದೇ ಕಾರಣಕ್ಕೆ ಆರಿಸಿದವರು ಗೆಲ್ಲಲು ಬೇಕಾದ ಮಾತನ್ನೇ ಆಡಲಾರದೆ ನಿಂತರು. ಇಂಥ ಲೆಕ್ಕಾಚಾರದಲ್ಲಿ ಒಂದು ವಿಚಿತ್ರವಿದೆ. ಪ್ರತಿಯೊಬ್ಬ ಮತದಾರನೂ ತನ್ನ ಮನಸ್ಸನ್ನು ಬದಿಗಿಟ್ಟು ಪಕ್ಕದವನ ಮನಸ್ಸನ್ನು ಊಹಿಸುತ್ತಾನೆ. ಪಕ್ಕದವನು ಇವನದನ್ನು ಊಹಿಸುತ್ತಿರುತ್ತಾನೆ. ಕೊನೆಗೆ ಡಬ್ಬಿಯಿಂದ ಹೊರಬರುವುದು ಯಾರ ಮನಸ್ಸೂ ಅಲ್ಲದ ಒಂದು ಹೆಸರು. ಅನಂತರ ಎಲ್ಲರೂ ಸೇರಿ, ಈ ಹೆಸರನ್ನು ನಮ್ಮ ಮೇಲೆ ಹೇರಿದವರು ಯಾರು ಎಂದು ಕೇಳುತ್ತಾರೆ.

ಆ ಸಂಜೆಯ ಇನ್ನೊಂದು ಸಂಗತಿ ಆಗ ನನ್ನ ಗಮನಕ್ಕೆ ಬಂದಿರಲಿಲ್ಲ. ಎಣಿಕೆ ಮುಗಿದ ಕೂಡಲೇ ಬಹುಪಾಲು ಜನ ಎದ್ದು ಹೋದರು; ನಾವೂ ಹೋದೆವು. ಜಿಲ್ಲಾ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಆರಿಸುವುದು, ಪಕ್ಷದ ಧೋರಣೆಗೆ ನಿರ್ಣಯಗಳನ್ನು ಸೂಚಿಸುವುದು ಮೊದಲಾದ ಕೆಲಸ ನಡೆಯುವುದು ಅದಾದ ಮೇಲೆ. ರಾಜ್ಯದಾದ್ಯಂತ ಕೊನೆಯವರೆಗೂ ಬೆಂಚು ಬಿಟ್ಟು ಕದಲದೆ ಕೂತವರು ರಾನ್ ಪಾಲ್ ಅವರ ಬೆಂಬಲಿಗರು. ಚೀಟಿಯ ಎಣಿಕೆಯಲ್ಲಿ ಮೂರನೆಯವರಾಗಿದ್ದ ಪಾಲ್ ಅವರಿಗೆ, ಆಗಸ್ಟಿನಲ್ಲಿ ಟ್ಯಾಂಪಾದಲ್ಲಿ ನಡೆದ ಸಮಾವೇಶದಲ್ಲಿ, ಅಯೋವಾದ 28 ಪ್ರತಿನಿಧಿಗಳ ಪೈಕಿ 22 ಮಂದಿ ಮತ ಕೊಟ್ಟರು. ಮುಂದಿನ ಚುನಾವಣೆಯ ಹೊತ್ತಿಗೆ ಪಕ್ಷ ನಿಯಮ ಬದಲಿಸಿ ಆ ದಾರಿಯನ್ನು ಮುಚ್ಚಿತು.

ಪಕ್ಷ ಎಂದರೆ ಯಾರು

"ನನ್ನ ಪಕ್ಷ ನನಗೆ ಮೋಸ ಮಾಡಿತು" ಎಂಬ ಮಾತನ್ನು ಇಲ್ಲಿ ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆಯವರಿಗೆ ಈ ದೂರು ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ನಮ್ಮಲ್ಲಿ ಬಿ ಫಾರಂ ಕೊಡುವವರು ಬೇರೆ, ಮತ ಹಾಕುವವರು ಬೇರೆ. ಬೈಯಲು ಹೈಕಮಾಂಡ್ ಎಂಬ ವಿಳಾಸವಿದೆ. ಅಮೆರಿಕದಲ್ಲಿ ಅಭ್ಯರ್ಥಿಯನ್ನು ಆರಿಸುವವರು ಪಕ್ಷದ ಮತದಾರರೇ, ಕಾಕಸ್ ಅಥವಾ ಪ್ರಾಥಮಿಕ ಚುನಾವಣೆ ಎಂಬ ಮೊದಲ ಸುತ್ತಿನಲ್ಲಿ. 2016ರಲ್ಲಿ ರಿಪಬ್ಲಿಕನ್ ಕಣದಲ್ಲಿ ಹದಿನೇಳು ಮಂದಿ ಇದ್ದರು. ಆಯ್ಕೆಗೆ ಬರವಿತ್ತು ಎನ್ನುವ ಹಾಗಿಲ್ಲ. ಪಕ್ಷದ ಹಿರಿಯ ತಲೆಗಳು ಬಹುಪಾಲು ಟ್ರಂಪ್ ಅವರನ್ನು ವಿರೋಧಿಸಿದ್ದವು. ಆದರೂ ಅವರೇ ಅಭ್ಯರ್ಥಿಯಾದರು. ಎಲ್ಲ ರಾಜ್ಯಗಳ ಪ್ರಾಥಮಿಕ ಚುನಾವಣೆಗಳನ್ನು ಒಟ್ಟುಗೂಡಿಸಿದರೆ ಅವರಿಗೆ ಬಿದ್ದದ್ದು ಅರ್ಧಕ್ಕಿಂತ ಕಡಿಮೆ ಮತ. ಬೇಡವೆಂದವರ ಮತ ಹದಿನಾರು ಕಡೆ ಹರಿದು ಹೋಗಿತ್ತು. ಹೀಗಿರುವಾಗ ಮೋಸ ಮಾಡಿದ "ಪಕ್ಷ" ಎಂದು ಯಾರನ್ನು ತೋರಿಸುವುದು?

ಇದನ್ನು ಹೇಳಿ ದೂರನ್ನು ತಳ್ಳಿಹಾಕಿಬಿಡುವುದು ನ್ಯಾಯವಲ್ಲ. ಹಿರಿಯರ ಬಳಿ ದಾಖಲೆಯಿದೆ. 1988ರಲ್ಲಿ ಹೊಸ ತೆರಿಗೆ ಇಲ್ಲವೇ ಇಲ್ಲ ಎಂದು ಸಮಾವೇಶದ ವೇದಿಕೆಯಿಂದ ಮಾತು ಕೊಟ್ಟ ಹಿರಿಯ ಜಾರ್ಜ್ ಬುಷ್ 1990ರಲ್ಲಿ ತೆರಿಗೆ ಏರಿಕೆಗೆ ಒಪ್ಪಿದರು. ಅದೇ ವರ್ಷ ಅವರು ಸುಪ್ರೀಂ ಕೋರ್ಟಿಗೆ ನೇಮಿಸಿದ ಡೇವಿಡ್ ಸೌಟರ್ ಉದಾರವಾದಿಗಳ ಜೊತೆ ಸೇರಿದರು. ಮಗ ಬುಷ್ 2003ರಲ್ಲಿ ವೃದ್ಧರ ಔಷಧ ವೆಚ್ಚಕ್ಕೆ ಸರ್ಕಾರಿ ವಿಮೆಯನ್ನು ವಿಸ್ತರಿಸಿದರು, 2008ರಲ್ಲಿ ಬ್ಯಾಂಕುಗಳನ್ನು ಎತ್ತಿಹಿಡಿಯಲು 70,000 ಕೋಟಿ ಡಾಲರ್ ಕೇಳಿದರು. ಆರೋಗ್ಯ ಕಾನೂನನ್ನು ರದ್ದುಮಾಡುತ್ತೇವೆಂದು ಏಳು ವರ್ಷ ಮತ ಕೇಳಿದವರು, ಅಧ್ಯಕ್ಷ ಪದವಿಯೂ ಎರಡು ಸದನಗಳೂ ಕೈಯಲ್ಲಿದ್ದ 2017ರ ಜುಲೈಯ ಒಂದು ನಡುರಾತ್ರಿ, ಸೆನೆಟ್‌ನಲ್ಲಿ 49ಕ್ಕೆ 51ರಲ್ಲಿ ಸೋತರು. ತಮ್ಮ ಪಕ್ಷದ ಮೂವರೇ ವಿರುದ್ಧ ಮತ ಹಾಕಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಧೈರ್ಯ ಆ ನಾಯಕರಿಗೆ ಇತ್ತು. ಎಷ್ಟೇ ಮುನಿದರೂ ಈ ಮತದಾರ ಡೆಮಾಕ್ರಟ್ ಕಡೆ ಹೋಗುವವನಲ್ಲ ಎಂದು ಗೊತ್ತಿದ್ದ ಮೇಲೆ ಅವನನ್ನು ಒಲಿಸಿಕೊಳ್ಳುವ ಅಗತ್ಯವಾದರೂ ಏನು?

ಮುನಿಸು ತೋರಿಸಿದವರೂ ಇದ್ದಾರೆ. 2014ರಲ್ಲಿ ವರ್ಜೀನಿಯಾದ ಮತದಾರರು ಕೆಳಮನೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಪ್ರಾಥಮಿಕ ಚುನಾವಣೆಯಲ್ಲಿ ಒಬ್ಬ ಅರ್ಥಶಾಸ್ತ್ರದ ಅಧ್ಯಾಪಕರ ಎದುರು ಸೋಲಿಸಿದರು. ಅಲ್ಲಿ ಅದು ಫಲಿಸಿತು. ನಾಲ್ಕು ವರ್ಷ ಮೊದಲು ಡೆಲವೇರ್‌ನಲ್ಲಿ ಫಲಿಸಿರಲಿಲ್ಲ. ಸೆನೆಟ್ ಸ್ಥಾನವನ್ನು ಗೆಲ್ಲುವ ಸಾಧ್ಯತೆಯಿದ್ದ ಮಾಜಿ ರಾಜ್ಯಪಾಲ ಮೈಕ್ ಕ್ಯಾಸಲ್ ಅವರನ್ನು ತೀರ ಮೆತ್ತಗಿನವರೆಂದು ಬಿಟ್ಟು, ಮನಸ್ಸಿಗೆ ಒಪ್ಪಿದ ಕ್ರಿಸ್ಟೀನ್ ಓಡಾನೆಲ್ ಅವರನ್ನು ಆರಿಸಿದರು, ಅವರು ಶೇಕಡಾ 16ಕ್ಕೂ ಹೆಚ್ಚಿನ ಅಂತರದಿಂದ ಸೋತರು. ಹಿರಿಯರ ಮಾತಿನಲ್ಲಿ ಎರಡು ದೂರುಗಳು ಒಂದೇ ಉಸಿರಿನಲ್ಲಿ ಬರುತ್ತವೆ: ನಮ್ಮವರು ಹೋರಾಡುವುದಿಲ್ಲ, ನಮ್ಮವರು ಗೆಲ್ಲುವುದಿಲ್ಲ. ಒಂದಕ್ಕೆ ಮದ್ದು ಮಾಡಿದರೆ ಇನ್ನೊಂದು ಉಲ್ಬಣಿಸುತ್ತದೆ ಎಂದು ಒಮ್ಮೆ ಹೇಳಿದ್ದೆ. ಅದು ನನಗೂ ಗೊತ್ತು, ಗೊತ್ತಿರುವುದರಿಂದಲೇ ಸಿಟ್ಟು ಎಂದರು.

ಅವರಿಗೂ ಅವರದೇ ಆದ ಇಕ್ಕಟ್ಟಿತ್ತು. ಪೆಟ್ರೋಲಿಗೆ ಎಥನಾಲ್ ಬೆರೆಸಬೇಕೆಂಬ ಕಾನೂನಿನಿಂದ ಅವರ ಮಗನ ಮೆಕ್ಕೆಜೋಳಕ್ಕೆ ಬೆಲೆ ನಿಂತಿದೆ. ಸರ್ಕಾರ ಮಾರುಕಟ್ಟೆಗೆ ಕೈ ಹಾಕಬಾರದೆಂಬುದು ಅವರ ಸಿದ್ಧಾಂತ. 2016ರ ಕಾಕಸ್‌ನಲ್ಲಿ ಟೆಡ್ ಕ್ರೂಜ್ ಆ ಕಾನೂನನ್ನು ವಿರೋಧಿಸಿಯೇ ಅಯೋವಾಕ್ಕೆ ಬಂದರು, ರಾಜ್ಯಪಾಲರು ಅವರನ್ನು ಸೋಲಿಸಿರೆಂದು ಬಹಿರಂಗವಾಗಿ ಕೇಳಿಕೊಂಡರು. 2012ರ ಪ್ರಾಯಶ್ಚಿತ್ತವೆಂಬಂತೆ ಹಿರಿಯರು ಮಗನಿಗೆ ಹೇಳದೆ ಕ್ರೂಜ್ ಹೆಸರು ಬರೆದರು. ಕ್ರೂಜ್ ಇಲ್ಲಿ ಗೆದ್ದರು. ಮೇ ತಿಂಗಳ ಮೊದಲ ವಾರ, ಇಂಡಿಯಾನಾದಲ್ಲಿ ಸೋತು, ಕಣದಿಂದ ಹೊರಗೆ ಹೋದರು. ಲೆಕ್ಕ ಹಾಕಿ ಬರೆದದ್ದೂ ಮನಸ್ಸಿನಿಂದ ಬರೆದದ್ದೂ ಒಂದೇ ಕಡೆಗೆ ತಂದು ನಿಲ್ಲಿಸಿದವು.

ಬೇಡ ಎನ್ನುವ ಸಾಲು

ಅಂಗಳದ ಆ ಮಾತಿಗೆ ಮರಳುತ್ತೇನೆ. ಇಷ್ಟೆಲ್ಲ ಅಳುಕಿದ್ದರೆ ಆ ಸಾಲನ್ನು ಖಾಲಿ ಬಿಡಬಹುದಿತ್ತಲ್ಲ ಎಂದು ಕೇಳಿದ್ದೆ. ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತೀರಿಕೊಂಡ ಮೇಲೆ ಸುಪ್ರೀಂ ಕೋರ್ಟಿನ ಒಂದು ಕುರ್ಚಿ ಬರಿದಾಗಿಯೇ ಇತ್ತು. ಅದರಲ್ಲಿ ಕೂರಿಸಬಹುದಾದವರ ಪಟ್ಟಿಯನ್ನು ಟ್ರಂಪ್ ಮೇ ತಿಂಗಳಲ್ಲಿಯೇ ಪ್ರಕಟಿಸಿದ್ದರು. "ನಾನು ಮತ ಹಾಕಿದ್ದು ಆ ಕುರ್ಚಿಗೆ, ಮನುಷ್ಯನಿಗಲ್ಲ," ಎಂದರು. ಹಾಗೆ ನೋಡಿದರೆ ಅವರ ಒಲ್ಲದ ಮತ ವ್ಯರ್ಥವಾಗಲಿಲ್ಲ. ಒಂದರ ಬದಲು ಮೂರು ಕುರ್ಚಿಗಳು ತುಂಬಿದವು, 2022ರ ಜೂನ್ 24ರಂದು ಗರ್ಭಪಾತದ ಹಕ್ಕಿನ 1973ರ ತೀರ್ಪು ರದ್ದಾಯಿತು. ಅವರು ನಲವತ್ತು ವರ್ಷ ಕೇಳುತ್ತ ಬಂದದ್ದು ಅದೇ. ಆದರೆ ಆ ನಾಲ್ಕು ವರ್ಷಗಳಲ್ಲಿ ದೇಶದ ಸಾಲ ಸುಮಾರು 20 ಲಕ್ಷ ಕೋಟಿ ಡಾಲರಿನಿಂದ 27 ಲಕ್ಷ ಕೋಟಿಯನ್ನು ದಾಟಿತ್ತು, ಅದೇ ಮತದ ಬಾಲಕ್ಕೆ 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ್ದೂ ಕಟ್ಟಿಕೊಂಡಿತ್ತು. ಮೆಚ್ಚಿ ಮತ ಹಾಕಿದವನು ಎಲ್ಲವನ್ನೂ ಒಟ್ಟಿಗೆ ಒಪ್ಪಿಕೊಳ್ಳಬಲ್ಲ, ವಿರೋಧಿಸಿದವನು ಒಟ್ಟಿಗೆ ತಿರಸ್ಕರಿಸಬಲ್ಲ. ಒಲ್ಲದೆ ಹಾಕಿದವನು ಮಾತ್ರ ಪ್ರತಿ ಸುದ್ದಿ ಬಂದಾಗಲೂ ಲೆಕ್ಕದ ಪುಸ್ತಕ ತೆರೆದು ಕೂರಬೇಕಾಗುತ್ತದೆ. 2020ರಲ್ಲಿ ಏನು ಮಾಡಿದರೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೈ ನಡುಗದೆ ತುಂಬಿದ ಗುರುತು ಎಂದು ಅವರು ನೆನೆಯುವುದು ಬೇರೆಯೇ ಒಂದನ್ನು. ಅಯೋವಾದ ಸುಪ್ರೀಂ ಕೋರ್ಟ್ 2009ರಲ್ಲಿ ಸಲಿಂಗ ವಿವಾಹವನ್ನು ಒಮ್ಮತದಿಂದ ಎತ್ತಿಹಿಡಿದಿತ್ತು. ಮರುವರ್ಷ ಆ ಪೀಠದ ಮೂವರನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ಮತಪತ್ರದಲ್ಲಿ ಬಂತು: ಹೌದು, ಅಲ್ಲ, ಅಷ್ಟೇ. ಮೂವರನ್ನೂ ಜನ ಇಳಿಸಿದರು. 1962ರಲ್ಲಿ ಆ ಪದ್ಧತಿ ಬಂದ ಮೇಲೆ ಅಂಥದು ಅದೇ ಮೊದಲು. ಆ ತೀರ್ಪು ನನಗೆ ಸರಿಯೆಂದೇ ತೋರುತ್ತದೆ, ಈ ವಿಷಯದಲ್ಲಿ ನಾವಿಬ್ಬರೂ ಎಂದೂ ಒಮ್ಮತಕ್ಕೆ ಬಂದವರಲ್ಲ. ತೀರ್ಪು ಬದಲಾಗಲೂ ಇಲ್ಲ. ಆದರೂ ಆ ಮತದ ಬಗ್ಗೆ ಅವರಿಗಿರುವ ನೆಮ್ಮದಿಯ ಕಾರಣ ನನಗೆ ಹೊಳೆಯುತ್ತದೆ: ಅಲ್ಲಿ ಬೇಡ ಎನ್ನಲು ಇನ್ನೊಬ್ಬರನ್ನು ಬೇಕು ಎನ್ನಬೇಕಾಗಿರಲಿಲ್ಲ.

ನಮ್ಮ ಮತಯಂತ್ರದಲ್ಲಿ 2013ರಿಂದ ನೋಟಾ ಇದೆಯೆಂದು ಹೇಳಿದಾಗ ಅವರು ಆಸಕ್ತಿಯಿಂದ ಕೇಳಿದ್ದರು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಗೆಲ್ಲುವವರು ಅಭ್ಯರ್ಥಿಯೇ ಎಂದಾಗ ಸ್ವಲ್ಪ ನಿರಾಶರಾದರು. ಅಮೆರಿಕದಲ್ಲಿಯೂ ನೆವಾಡಾ ರಾಜ್ಯ 1975ರಲ್ಲಿಯೇ "ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ" ಎಂಬ ಸಾಲಿಗೆ ಕಾನೂನು ಮಾಡಿದೆ ಎಂಬುದನ್ನು ಅವರೇ ಹುಡುಕಿ ತಂದು ನನಗೆ ಹೇಳಿದರು.

2024ರ ಜನವರಿ 15ರ ರಾತ್ರಿ, ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿಯಲ್ಲಿ, ಈ ಸಲ ನಾನು ಕಾರು ಓಡಿಸಿ ಅವರನ್ನು ಅದೇ ಶಾಲೆಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ನಾನು ಇಲ್ಲಿನ ಪ್ರಜೆಯಾಗಿದ್ದರೂ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಮತ್ತೆ ಹಿಂದಿನ ಸಾಲು. 2016ರಲ್ಲಿ ರಾಜ್ಯದಾದ್ಯಂತ ಸುಮಾರು 1,87,000 ಜನ ಬಂದಿದ್ದ ಕಾಕಸ್‌ಗೆ ಆ ರಾತ್ರಿ ಬಂದವರು 1,10,000ದಷ್ಟು. ಟ್ರಂಪ್ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿತ್ತು. ಹಿರಿಯರು ಚೀಟಿಯಲ್ಲಿ ಯಾರ ಹೆಸರು ಬರೆದರೋ ತಿಳಿಯದು. ಎಣಿಕೆ ಮುಗಿದು ಜನ ಏಳತೊಡಗಿದಾಗ ನಾನೂ ಕೋಟಿನ ಗುಂಡಿ ಹಾಕಿಕೊಂಡೆ. ಅವರು ಕೂರುವಂತೆ ಸನ್ನೆ ಮಾಡಿದರು. ಹನ್ನೆರಡು ಮಂದಿ ಉಳಿದರು. ನಿರ್ಣಯಗಳ ಸರದಿ ಬಂದಾಗ ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದು, ಅಯೋವಾದ ಮತಪತ್ರದಲ್ಲಿಯೂ "ಯಾರೂ ಅಲ್ಲ" ಎಂಬ ಸಾಲು ಇರಬೇಕೆಂಬ ಎರಡು ವಾಕ್ಯಗಳನ್ನು ಓದಿದರು. ಅನುಮೋದಿಸುವವರಿದ್ದಾರೆಯೇ ಎಂದು ಅಧ್ಯಕ್ಷತೆ ವಹಿಸಿದ್ದವರು ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಹೆಣೆಯುತ್ತಿದ್ದ ಉಲ್ಲನ್ನು ಮಡಿಲಿಗಿಳಿಸಿದ ಒಬ್ಬ ಮಹಿಳೆ, ಚರ್ಚೆಯಾಗಲಿ ಎಂಬಷ್ಟಕ್ಕೆ, ಕೈ ಎತ್ತಿದರು. ನಿರ್ಣಯ ನಾಲ್ಕಕ್ಕೆ ಎಂಟರಲ್ಲಿ ಬಿದ್ದುಹೋಯಿತು. ಕಾರಿನಲ್ಲಿ ಅವರು ಉತ್ಸಾಹದಲ್ಲಿಯೇ ಇದ್ದರು. ತಮ್ಮದೂ ಸೇರಿ ಎರಡು ಕೈ ಏಳಬಹುದೆಂದುಕೊಂಡಿದ್ದರಂತೆ.

ಮೂರು ವಾರಗಳ ನಂತರ ನೆವಾಡಾದ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲಿ ನಿಕ್ಕಿ ಹೇಲಿ "ಯಾರೂ ಅಲ್ಲ" ಎಂಬ ಸಾಲಿನೆದುರು ಭಾರಿ ಅಂತರದಿಂದ ಸೋತರು. ಟ್ರಂಪ್ ಆ ಮತಪತ್ರದಲ್ಲಿ ಇರಲಿಲ್ಲ. ಪಕ್ಷವೇ ಬೇರೆಯಾಗಿ ನಡೆಸಿದ ಕಾಕಸ್‌ಗೆ ನಿಂತಿದ್ದರು, ಅವರ ಬೆಂಬಲಿಗರು ಆ ಸಾಲನ್ನೇ ತಮ್ಮ ನಾಯಕನ ಹೆಸರಿನಂತೆ ಬಳಸಿಕೊಂಡಿದ್ದರು. ಪತ್ರಿಕೆಯನ್ನು ಹಿಡಿದು ಹಿರಿಯರು ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಬಂದಿದ್ದರು. ಒಳಗೆ ಕರೆದರೂ ಬರಲಿಲ್ಲ. "ನೋಡಿ, ಅದನ್ನೂ ಅಭ್ಯರ್ಥಿ ಮಾಡಿಬಿಟ್ಟರು," ಎಂದು ಸುದ್ದಿಯ ಮೇಲೆ ಬೆರಳಿಟ್ಟು ತೋರಿಸಿ, ಮೆಟ್ಟಿಲ ಮೇಲಿನ ಹಿಮವನ್ನು ನೋಡಿಕೊಂಡು ನಿಧಾನವಾಗಿ ಇಳಿದು ಹೋದರು.